ಸುಣ್ಣದ ಚುಕ್ಕಿ, ಕುಂಕುಮದ ಚುಕ್ಕಿ

ನನ್ನ ಅತ್ತೆಗೆ,

ಸೊಸೆ ಈರಮ್ಮನ ನಮಸ್ಕಾರ. ನೀವು ಇದ್ದಾಗ ನಿಮಗೆ ನಾನು ಒಂದು ಚೀಟಿಯನ್ನೂ ಬರೆದವಳಲ್ಲ. ಬರೆದಿದ್ದರೂ ಅದನ್ನು ಓದಿಸಲು ನನ್ನನ್ನೇ ಕೂಗುತ್ತಿದ್ದಿರಿ: "ಏ ಈರಿ, ಯಾರೋ ಏನೋ ಬರದಾರ, ಬಂದು ಓದು." ಈಗ ಓದುವವರಿಲ್ಲದ ಕಡೆಗೆ ಬರೆಯುತ್ತಿದ್ದೇನೆ. ಹೇಳಬೇಕಾದ ಮಾತೊಂದು ಐವತ್ತು ವರ್ಷಕ್ಕೂ ಮೇಲೆ ಗಂಟಲಲ್ಲೇ ಕುಳಿತಿದೆ. ಎದುರಿಗೆ ಹೇಳಲು ಧೈರ್ಯ ಬರಲಿಲ್ಲ. ನಿಮ್ಮ ಆ ಕಣ್ಣಿಗೆ ನಾನು ಈ ಎಪ್ಪತ್ತಮೂರನೇ ವಯಸ್ಸಿನಲ್ಲೂ ಹೆದರುತ್ತೇನೆ, ಗೊತ್ತೇ?

ಸುತ್ತಿ ಬಳಸಿ ಹೇಳುವುದಿಲ್ಲ. ಎಪ್ಪತ್ತೊಂದರ ಯುದ್ಧದಲ್ಲಿ, ಅಂಗಳದ ತುಂಬ ಜನ ಕೂತಿದ್ದಾಗ, ನಿಮ್ಮ ಮಗನ ಹೆಸರು ಬರಬಹುದೆಂದು ಎಲ್ಲರೂ ಉಸಿರು ಬಿಗಿ ಹಿಡಿದಿದ್ದಾಗ ನಮ್ಮ ರೇಡಿಯೋ ಸತ್ತಿತಲ್ಲ, ಅದು ಸೆಲ್ಲಿನ ತಪ್ಪಲ್ಲ. ನನ್ನ ತಪ್ಪು. ನೀವು ಹೊಲಕ್ಕೆ ಹೋದಾಗ ನಾನು ಸಿನಿಮಾ ಹಾಡು ಕೇಳಿ ಆ ಸೆಲ್ಲುಗಳನ್ನು ಮುಗಿಸಿಬಿಟ್ಟಿದ್ದೆ. ಅಷ್ಟೇ. ಹೇಳಿದೆ.

ಆ ರೇಡಿಯೋ ನಮ್ಮ ದೋರನಹಳ್ಳಿಯ ಮನೆಗೆ ಬಂದ ದಿನ ನೆನಪಿದೆಯೇ? ನಿಮ್ಮ ಮಗ ಮದುವೆಯಾದ ಮೇಲೆ ಮೊದಲ ಸಲ ಸೈನ್ಯದಿಂದ ರಜೆಗೆ ಬಂದವರು ಟ್ರಂಕಿನಿಂದ ಅದನ್ನು ಹೊರತೆಗೆದರು. ಚರ್ಮದ ಅಂಗಿ ತೊಟ್ಟ ಡಬ್ಬಿ. ಅದರ ಮುಖದ ಮೇಲೆ ಉದ್ದಕ್ಕೂ ಅಂಕಿಗಳು, ಅವುಗಳ ಮೇಲೆ ಓಡಾಡುವ ಒಂದು ಕೆಂಪು ಮುಳ್ಳು. "ಈ ನಂಬರಿಗೆ ಗುಲ್ಬರ್ಗಾ, ಈ ನಂಬರಿಗೆ ಹೈದರಾಬಾದ" ಎಂದು ಅವರು ಹೇಳುತ್ತಿದ್ದರೆ ನೀವು ಮಧ್ಯದಲ್ಲೇ ತಡೆದಿರಿ: "ನಂಬರ್ ಗಿಂಬರ್ ನನಗ ಬ್ಯಾಡ, ದೇವ್ಯಾ. ಎಲ್ಲಿ ನಿಲ್ಲಿಸಬೇಕು ಅಷ್ಟ ತೋರಸು." ಆಮೇಲೆ ಎಲೆ ಅಡಿಕೆಯ ಚೀಲ ಬಿಚ್ಚಿ, ಬೆರಳ ತುದಿಗೆ ಸುಣ್ಣ ತೆಗೆದುಕೊಂಡು ಗುಲ್ಬರ್ಗಾ ಬರುವ ಕಡೆ ಒಂದು ಚುಕ್ಕಿ ಇಟ್ಟಿರಿ. ಹೈದರಾಬಾದಿನ ಉರ್ದುವಿಗೆ ಅರಿಶಿನ. ಬೆಂಗಳೂರಿಗೆ ಕುಂಕುಮ. ನಿಮ್ಮ ಮಗ ತಲೆ ಚಚ್ಚಿಕೊಂಡರು. ಆದರೆ ಊರಲ್ಲಿ ಓದು ಬಲ್ಲ ಗಂಡಸರು ಸ್ಟೇಷನ್ನು ಹುಡುಕಿ ಗೊರಗೊರ ಮಾಡುತ್ತಿದ್ದಾಗ ನೀವು ಒಂದೇ ತಿರುವಿಗೆ ನಿಲ್ಲಿಸುತ್ತಿದ್ದಿರಿ.

ನಾನು ಸುರಪುರದವಳು. ತವರುಮನೆಯ ಎದುರಿಗೇ ಬಸ್‌ಸ್ಟ್ಯಾಂಡಿನ ಹೋಟೆಲ್ಲು, ಅಲ್ಲಿ ಬೆಳಗಿನಿಂದ ರೇಡಿಯೋ. ಹಾಡು ಕೇಳುತ್ತಲೇ ರೊಟ್ಟಿ ಬಡಿಯುವುದು ಕಲಿತವಳು ನಾನು. ಮದುವೆಯಾಗಿ ನಿಮ್ಮ ಮನೆಗೆ ಬಂದಾಗ ನನಗೆ ಹತ್ತೊಂಬತ್ತು. ಗಂಡ ಆರು ತಿಂಗಳಿಗೆ ಗಡಿಗೆ ಹೋದರು. ಮನೆಯಲ್ಲಿ ನೀವು, ನಾನು, ಎರಡು ಎತ್ತು. ನೀವೋ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು, ಅದರಲ್ಲಿ ಎಂಟು ಎತ್ತಿನ ಜೊತೆ. ಇಂಥ ಮನೆಯಲ್ಲಿ ಒಂದು ರೇಡಿಯೋ ಇದ್ದೂ ಅದನ್ನು ಮುಟ್ಟುವ ಹಾಗಿಲ್ಲ ಅಂದರೆ ನನಗೆ ಹೇಗಾಗಿರಬೇಕು, ನೀವೇ ಹೇಳಿ.

ಮುಟ್ಟುವ ಹಾಗಿಲ್ಲ ಅಂದದ್ದು ಯುದ್ಧ ಶುರುವಾದ ಮೇಲೆ. ಶಹಾಪುರದ ಅಂಗಡಿಗಳಲ್ಲಿ ಸೆಲ್ಲು ಸಿಗದಾಯಿತು, ಸುರಪುರದಲ್ಲಿ ನನ್ನ ಅಣ್ಣ ಹುಡುಕಿ ಬರಿಗೈಲಿ ಬಂದ. ಇದ್ದ ನಾಲ್ಕು ಸೆಲ್ಲನ್ನು ನೀವು ಕೂಸಿನ ಹಾಗೆ ಸಾಕಿದಿರಿ. ಬೆಳಗಿನ ಸುದ್ದಿ ಮುಗಿಯುತ್ತಲೇ ಬಿಚ್ಚಿ ತೆಗೆದು, ಮೊರದಲ್ಲಿಟ್ಟು, ಮಾಳಿಗೆಯ ಮೇಲೆ ಬಿಸಿಲಿಗೆ ಇಡುವುದು. ಬಿಸಿಲು ಕುಡಿದರೆ ಸೆಲ್ಲಿಗೆ ಮತ್ತೆ ಜೀವ ಬರುತ್ತದೆ ಎಂದು ಊರಿಗೆ ಊರೇ ನಂಬಿತ್ತು, ಸ್ವಲ್ಪ ಬರುತ್ತಲೂ ಇತ್ತು. ಹೊತ್ತು ಇಳಿದ ಮೇಲೆ ಒಲೆಯ ಬೆಚ್ಚನೆಯ ಬೂದಿಯ ಪಕ್ಕ. ಮಲಗುವಾಗ ಎಲೆ ಅಡಿಕೆಯ ಚೀಲದಲ್ಲಿ, ಆ ಚೀಲ ನಿಮ್ಮ ಸೊಂಟದಲ್ಲಿ. ಬೆಳಿಗ್ಗೆ ಸೆಲ್ಲು ಬಿಚ್ಚುವ ಮುಂಚೆ ಮುಳ್ಳನ್ನು ಕುಂಕುಮದ ಚುಕ್ಕಿಯ ಮೇಲೆ ತಂದು ನಿಲ್ಲಿಸುತ್ತಿದ್ದಿರಿ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಿರಿ. ಕುಂಕುಮದ ಮೇಲೇ ಯಾಕೆ ಎಂದು ನನಗೆ ಗೊತ್ತಿತ್ತು. ಸಂಜೆ ಬೆಂಗಳೂರಿನಿಂದ ಗಡಿಯ ಸಿಪಾಯಿಗಳು ಮನೆಗೆ ಹೇಳಿ ಕಳಿಸಿದ ಮಾತುಗಳನ್ನು ಓದುತ್ತಿದ್ದರು. ನಿಮ್ಮ ಮಗನಿಂದ ಕಾಗದ ಬಂದು ಒಂದೂವರೆ ತಿಂಗಳಾಗಿತ್ತು.

ಆ ದಿನದ ಬೆಳಗು ನನಗೆ ಮಿನಿಟು ಮಿನಿಟು ನೆನಪಿದೆ. ಸುಣ್ಣದ ಚುಕ್ಕಿಯಲ್ಲಿ ಮೊದಲು ಶಹನಾಯಿ, ಆಮೇಲೆ ಎರಡು ವಚನ, ಆಮೇಲೆ ಸುದ್ದಿ. ಎಷ್ಟು ವಿಮಾನ ಬಿದ್ದವು, ಯಾವ ಊರು ಕೈಸೇರಿತು. ಓದುವವನಿಗೆ ನೆಗಡಿಯಾಗಿತ್ತು. "ಪಾಪ, ಅವನಿಗೂ ಥಂಡಿ ಹತ್ಯಾದ, ಯಾರೂ ಕಷಾಯ ಕೊಡೋರಿಲ್ಲೇನು" ಎಂದು ಮರುಗಿದಿರಿ. ಆಮೇಲೆ ದೀಪ ಮರೆಮಾಡುವ ಬಗ್ಗೆ ಸೂಚನೆ: ಕಿಟಕಿಗಳಿಗೆ ಕಪ್ಪು ಕಾಗದ ಹಚ್ಚಿರಿ ಎಂದರು. ನಮ್ಮ ಮನೆಗೆ ಕಿಟಕಿಯೇ ಇರಲಿಲ್ಲ. ನೀವು ಸುಮ್ಮನಿರುವವರೇ? ಮಾಳಿಗೆಯ ಬೆಳಕಿಂಡಿಗೆ ಗಡಿಗೆ ಕವುಚಿ ಇಟ್ಟಿರಿ. ಹಗಲೂ ಅಡುಗೆಮನೆ ಕತ್ತಲಾಗಿ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. "ಯಾದಗಿರಿ ರೈಲ್ ಸ್ಟೇಷನ್ನಿಗೆ ಬಾಂಬ್ ಹಾಕಾಕ ಬಂದೋನು ನಮ್ಮ ಒಲಿ ನೋಡಿ ದಾರಿ ಕಂಡುಹಿಡಿಯಬಾರದು" ಎಂದಿರಿ. ನಕ್ಕರೆ ಬೈಯುತ್ತೀರಿ ಎಂದು ನಾನು ಮುಸುರೆ ತಿಕ್ಕುವ ನೆಪದಲ್ಲಿ ಹೊರಗೆ ಹೋದೆ.

ಮಧ್ಯಾಹ್ನ ನೀವು ಹತ್ತಿ ಬಿಡಿಸಲು ಹೋದಿರಿ. ನಾನು ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಲು ಹತ್ತಿದೆ. ಮೊರದಲ್ಲಿ ನಾಲ್ಕೂ ಸೆಲ್ಲು ಸಾಲಾಗಿ ಮಲಗಿದ್ದವು. ಯಾವ ಬದಿ ಬಿಸಿಲಿಗೆ ಎಂದು ತಿಳಿಯಲು ನೀವು ಅವಕ್ಕೂ ಸುಣ್ಣದ ಗೀಟು ಹಾಕಿದ್ದಿರಿ. ಪಕ್ಕದ ಮನೆಯಲ್ಲಿ ಯಾರೂ ಇರಲಿಲ್ಲ. ಒಂದೇ ಒಂದು ಹಾಡು, ಅಂದುಕೊಂಡೆ. ಒಂದು ಹಾಡಿಗೆ ಸೆಲ್ಲು ಎಷ್ಟು ಸವೆದೀತು?

ಸೆಲ್ಲುಗಳನ್ನು ಕೆಳಗೆ ತಂದು ಹಾಕಿ, ಸುಣ್ಣದ ಚುಕ್ಕಿಗೆ ತಿರುಗಿಸಿದೆ. ಒಂದು ಹಾಡು ಮುಗಿಯಿತು. ಆಮೇಲೆ ಸಿಪಾಯಿಗಳು ಕೇಳಿ ಬರೆದ ಹಾಡು ಹಾಕುತ್ತೇವೆ ಎಂದರು, ಅದನ್ನು ಕೇಳದೆ ಇರುವುದು ಹೇಗೆ? ಅದು ಮುಗಿದ ಮೇಲೆ ಮಹಿಳೆಯರ ಕಾರ್ಯಕ್ರಮ, ಜವಾನರಿಗೆ ಉಣ್ಣೆಯ ಕೈಗವಸು ಹೆಣೆಯುವುದು ಹೇಗೆಂದು ಒಬ್ಬರು ಹೇಳಿದರು: ಎರಡು ಸೀದಾ, ಎರಡು ಉಲ್ಟಾ. ನಮ್ಮ ಊರಲ್ಲಿ ಉಣ್ಣೆ ಅಂದರೆ ಕಂಬಳಿ, ಹೆಣಿಗೆಯ ಸೂಜಿಯನ್ನು ನಾನು ಕಂಡವಳೇ ಅಲ್ಲ. ಆದರೂ ಬಾಯಿ ಬಿಟ್ಟುಕೊಂಡು ಕೇಳಿದೆ. ಒಂದು ಹೆಣ್ಣುದನಿ ನನ್ನ ಜೊತೆ ಮಾತಾಡುತ್ತಿತ್ತಲ್ಲ ಅತ್ತೆ, ಅಷ್ಟೇ ಸಾಕಾಗಿತ್ತು. ಅದಾದ ಮೇಲೆ ಒಂದು ನಾಟಕ. ಗಡಿಗೆ ಹೋದ ಮಗನಿಗಾಗಿ ಕಾಯುವ ತಾಯಿಯ ಕತೆ. ಕೊನೆಗೆ ಏನಾಯಿತು ಎಂದು ತಿಳಿಯದೆ ಏಳಲು ಮನಸ್ಸು ಬರಲಿಲ್ಲ. ಹೊತ್ತಿನ ಎಚ್ಚರವಾದಾಗ ನೆರಳು ಅಂಗಳದ ಅರ್ಧಕ್ಕೆ ಬಂದಿತ್ತು. ಗಡಬಡಿಸಿ ಸೆಲ್ಲು ಬಿಚ್ಚಿ, ಓಡಿ ಹೋಗಿ, ಸುಣ್ಣದ ಗೀಟು ಮೇಲೆ ಬರುವ ಹಾಗೆ ಮೊರದಲ್ಲಿ ಜೋಡಿಸಿ ಇಟ್ಟೆ. ಎಷ್ಟು ಚೆನ್ನಾಗಿ ಜೋಡಿಸಿದೆ ಎಂದರೆ ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಸಂಜೆ ಜನ ಬಂದರು. ಕಟ್ಟೆಯ ಮೇಲೆ ಮಹಬೂಬ್‌ಸಾಬರು, ಉರ್ದು ಸುದ್ದಿ ಕೇಳಿ ಎಲ್ಲರಿಗೂ ಕನ್ನಡದಲ್ಲಿ ಬಿಡಿಸಿ ಹೇಳುವ ಹಿರಿತನ ಅವರದು. ಹೆಂಗಸರು ಬಾಗಿಲ ಹತ್ತಿರ. ದಿನಾ ಮೊದಲು ಸುಣ್ಣ, ರೈತರ ಕಾರ್ಯಕ್ರಮ. ಆಮೇಲೆ ಅರಿಶಿನ, ಮಹಬೂಬ್‌ಸಾಬರ ಉರ್ದು. ಕೊನೆಗೆ ಕುಂಕುಮ. ಆವತ್ತು ನೀವು ಗೂಡಿನಿಂದ ರೇಡಿಯೋ ತೆಗೆದುಕೊಂಡು ಒಂದು ಗಳಿಗೆ ಅದರ ಮುಖವನ್ನೇ ನೋಡಿದಿರಿ. ಕಣ್ಣು ಮಂಜಾಗಿರಬೇಕು ಎಂದುಕೊಂಡೆ. ಆಮೇಲೆ ಒಮ್ಮೆಲೇ ಹೇಳಿದಿರಿ:

"ಇವತ್ತು ಹತ್ತಿ ಹುಳದ ಮಾತು ಬ್ಯಾಡ, ಉರ್ದೂನೂ ಬ್ಯಾಡ. ಸೀದಾ ಬೆಂಗಳೂರು."

"ಯಾಕ ಭೀಮವ್ವ, ನನ್ನ ಸುದ್ದಿ ಏನು ಪಾಪ ಮಾಡ್ಯಾದ?" ಮಹಬೂಬ್‌ಸಾಬರು ಮುಖ ಉಬ್ಬಿಸಿದರು.

"ನಾಳಿಗಿ ಎರಡು ಸಲ ಕೇಳ್ರಿ. ಇವತ್ತು ಸುಮ್ಮ ಕೂಡ್ರಿ."

ಬೆಂಗಳೂರಿನ ದನಿ ಅಲೆಯ ಮೇಲೆ ತೇಲಿದಂತೆ ಬಂತು. ಸುದ್ದಿ, ಒಂದು ದೇಶದ ಹಾಡು, ಆಮೇಲೆ ಸಂದೇಶಗಳು. ಬೆಳಗಾವಿಯವರು ಇಬ್ಬರು, ಬಿಜಾಪುರದವರು ಒಬ್ಬರು. ಪ್ರತಿ ಹೆಸರಿಗೂ ನೀವು ಸೆರಗಿನ ತುದಿಯನ್ನು ಬೆರಳಿಗೆ ಒಂದು ಸುತ್ತು ಸುತ್ತುತ್ತಿದ್ದಿರಿ. ದನಿ ಸಣ್ಣದಾಗುತ್ತ ಬಂತು. ನೀವು ಕಿವಿ ಹಚ್ಚಿದಿರಿ. "ಮುಂದಿನ ಸಂದೇಶ. ಗುಲ್ಬರ್ಗಾ ಜಿಲ್ಲೆ, ಶಹಾಪುರ ತಾಲೂಕು…"

ಅಷ್ಟೇ. ಆಮೇಲೆ ಸದ್ದಿಲ್ಲ. ನೀವು ಡಬ್ಬಿಯನ್ನು ತಟ್ಟಿದಿರಿ, ಸೆಲ್ಲುಗಳನ್ನು ತೆಗೆದು ಅಂಗೈಯಲ್ಲಿ ಉಜ್ಜಿ ಮತ್ತೆ ಹಾಕಿದಿರಿ. ಮಹಬೂಬ್‌ಸಾಬರು ತಮ್ಮ ಬ್ಯಾಟರಿಯ ಸೆಲ್ಲು ತರಲು ಓಡಿದರು, ತಂದು ಹಾಕುವಷ್ಟರಲ್ಲಿ ಸಂದೇಶಗಳು ಮುಗಿದು ವೀಣೆ ನುಡಿಯುತ್ತಿತ್ತು. ತಾಲೂಕಿನಿಂದ ಗಡಿಗೆ ಹೋದವರು ಬಹಳ ಜನ ಇರಲಿಲ್ಲ. ನಿಮ್ಮ ಮಗನೇ? ಬೇರೆಯವರೇ? ಜನ ಒಬ್ಬೊಬ್ಬರಾಗಿ ಎದ್ದು ಹೋದರು. "ಹಾಳಾದ ಸೆಲ್ಲು" ಎಂದು ಎಲ್ಲರೂ ಸೆಲ್ಲನ್ನು ಬೈದರು. ನಾನು ಗೋಡೆಗೆ ಮುಖ ಮಾಡಿ ಅಳುತ್ತ ಕೂತೆ. ನೀವು ರೇಡಿಯೋ ಒರೆಸಿ ಗೂಡಿನಲ್ಲಿಟ್ಟಿರಿ. ಒಂದು ಮಾತು ಬೈದಿದ್ದರೆ ನಾನು ಕಾಲಿಗೆ ಬಿದ್ದು ಎಲ್ಲ ಹೇಳಿಬಿಡುತ್ತಿದ್ದೆನೋ ಏನೋ.

ಬೆಳಗಾಗುತ್ತಲೇ ಎರಡು ರೊಟ್ಟಿ ಕಟ್ಟಿಕೊಂಡು ಹೊರಟಿರಿ. "ಶಹಾಪುರಕ ಹೋಗಿ ಕೇಳಿ ಬರ್ತೀನಿ. ಎತ್ತಿಗಿ ನೀರು ಮರೀಬ್ಯಾಡ." ಅಲ್ಲಿ ಬಸ್‌ಸ್ಟ್ಯಾಂಡಿನ ಹೋಟೆಲ್ಲೊಂದರಲ್ಲಿ ಮಾಸ್ತರರೊಬ್ಬರು ರೇಡಿಯೋ ಕೇಳಿ ಯುದ್ಧದ ಸುದ್ದಿಯನ್ನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು, ತಾಲೂಕಿನ ಸಿಪಾಯಿಯ ಸಂದೇಶ ಬಂದರೆ ಕೆಳಗೆ ಅದನ್ನೂ. ಸಂಜೆಗೆ ಬರುತ್ತೀರೆಂದು ಕಾದೆ. ಬರಲಿಲ್ಲ. ಏನೇನು ಯೋಚನೆ ಬಂದವು, ಈಗ ಬರೆಯಲಾರೆ. ಮರುದಿನ ಮಧ್ಯಾಹ್ನ ಧೂಳು ಮೆತ್ತಿದ ಕಾಲಿನಲ್ಲಿ ಬಂದು ಕಟ್ಟೆಯ ಮೇಲೆ ಕೂತಿರಿ. "ಬಸ್ ತಪ್ಪಿತು" ಎಂದಿರಿ. ತಂಬಿಗೆಯ ನೀರು ಅಷ್ಟೂ ಕುಡಿದು ಆಮೇಲೆ ಹೇಳಿದಿರಿ:

"ದೇವ್ಯಾ ನಿನಗ ಹೇಳಿ ಕಳಸ್ಯಾನ. ಅಳಬ್ಯಾಡಂತ. ಹಾಡು ಕೇಳಂತ. ನೀನೂ ಹಾಡು ಹೇಳ್ಕೋತ ಇರಂತ."

"ಆರಾಮ ಇದ್ದಾರಂತೇನ್ರಿ ಅತ್ತಿ?"

"ಹಾಡು ಕೇಳು ಅನ್ನೋನು ಆರಾಮ ಇರಲಾರ್ದ ಇರ್ತಾನೇನು? ಏಳು, ಹಿಟ್ಟು ಹಚ್ಚು."

ಹಿಟ್ಟು ಹಚ್ಚಿದೆ. ಹಾಡಿದೆ ಕೂಡ. ಆ ಮೇಲಿನ ಎರಡು ತಿಂಗಳು ನಾನು ಹಾಡದ ಹೊತ್ತೇ ಇರಲಿಲ್ಲ. ಬೀಸುವಾಗ, ಸಗಣಿ ಬಳಿಯುವಾಗ, ನಿಮ್ಮ ಜೊತೆ ಹತ್ತಿ ಬಿಡಿಸುವಾಗ. ಗಂಡ ಹೇಳಿ ಕಳಿಸಿದ್ದಾರೆ ಅಂದ ಮೇಲೆ ಕೇಳಬೇಕೆ? ಯುದ್ಧ ಮುಗಿಯಿತು ಎಂದು ರೇಡಿಯೋ ಹೇಳಿತು, ಕಾಗದ ಬಂದದ್ದು ಮಾತ್ರ ಆ ಎರಡು ತಿಂಗಳು ಕಳೆದ ಮೇಲೆ. ನೀವು ಮುಂದಿನ ಸಾಲಿನಲ್ಲಿ ಬಗ್ಗಿ ಹತ್ತಿ ಬಿಡಿಸುತ್ತ ನನ್ನ ಹಾಡು ಕೇಳುತ್ತಿದ್ದಿರಿ, ತಿರುಗಿ ನೋಡುತ್ತಿರಲಿಲ್ಲ. ಅತ್ತೆಗೆ ಹಾಡು ಎಂದರೆ ಆಗುವುದಿಲ್ಲ ಎಂದುಕೊಳ್ಳುತ್ತಿದ್ದೆ. ಎಂಥ ದಡ್ಡಿ ನಾನು.

ನಿಮ್ಮ ಮಗ ಬೇಸಿಗೆಗೆ ಬಂದರು, ಭುಜಕ್ಕೆ ಒಂದು ಗಾಯದ ಕಲೆ, ಚೀಲದ ತುಂಬ ಸೆಲ್ಲು. ಉಂಡು ಕೂತಾಗ ನಾನು ನಾಚಿಕೊಂಡೇ ಕೇಳಿದೆ, ರೇಡಿಯೋದಲ್ಲಿ ಹಾಡು ಕೇಳು ಎಂದು ಹೇಳಿ ಕಳಿಸಿದ್ದಿರಲ್ಲ ಎಂದು. ಅವರು ಹುಬ್ಬು ಗಂಟು ಹಾಕಿದರು. "ಯಾವ ರೇಡಿಯೋ? ನಮ್ಮ ಕಡಿ ಯಾರೂ ಬಂದೇ ಇಲ್ಲಲ್ಲ." ಒಳಗೆ ಖಾರ ಕುಟ್ಟುತ್ತಿದ್ದ ನಿಮ್ಮ ಒನಕೆ ಒಂದು ಪೆಟ್ಟು ತಪ್ಪಿತು. "ಗುಂಡಿನ ಸಪ್ಪಳದಾಗ ಅವನಿಗೇನು ನೆನಪಿರ್ತದ, ಮರ್ತಾನ" ಎಂದಿರಿ. ಆಗ ನನಗೆ ಅರ್ಥವಾಯಿತು, ನೀವು ಸುಳ್ಳು ಹೇಳಿದ್ದಿರಿ. ಅಳುವ ಸೊಸೆಯನ್ನು ಸುಮ್ಮನಾಗಿಸಲು ಬಾಯಿಗೆ ಬಂದದ್ದು ಹೇಳಿದ್ದಿರಿ. ಆದರೆ ಅದು ನನಗೆ ಇನ್ನೂ ಹೆಚ್ಚು ಭಾರವಾಯಿತು. ಯಾರನ್ನು ಸಮಾಧಾನ ಮಾಡಿದಿರೆಂದು ನಿಮಗೆ ಗೊತ್ತಿಲ್ಲವಲ್ಲ! ಕಳ್ಳಿಯ ಕಣ್ಣೊರೆಸಿದಿರಲ್ಲ!

ಅಲ್ಲಿಂದ ಹೇಳಬೇಕು ಹೇಳಬೇಕು ಎಂದು ವರ್ಷಗಳು ಹೋದವು. ಮಗಳು ಹುಟ್ಟಿದಾಗ ಹೇಳಬೇಕೆಂದಿದ್ದೆ. ಅವಳನ್ನು ಹುಣಸಗಿಗೆ ಕೊಟ್ಟಾಗ, ನಾವಿಬ್ಬರೇ ಬಳೆ ಆರಿಸುತ್ತಿದ್ದಾಗ, ಬಾಯಿ ತುದಿಗೆ ಬಂದಿತ್ತು. ನೀವು ಹಾಸಿಗೆ ಹಿಡಿದ ಕೊನೆಯ ತಿಂಗಳು ದಿನಾ ನಿಮ್ಮ ತಲೆ ಬಾಚುತ್ತಿದ್ದೆ. ಒಂದು ದಿನ ಶುರು ಮಾಡಿದೆ, "ಅತ್ತಿ, ಲಡಾಯಿ ವರ್ಷ ಆ ಸೆಲ್ಲು…" ನೀವು ಕಣ್ಣು ಮುಚ್ಚಿಕೊಂಡೇ ಹೇಳಿದಿರಿ, "ಈರಿ, ಒಂದು ಹಾಡು ಹೇಳು." ಹೇಳಿದೆ. ಅದೇ ಕೊನೆ. ನೀವು ಬೇಕೆಂದೇ ನನ್ನ ಬಾಯಿ ಕಟ್ಟಿದಿರಾ?

ಈಗ ಹೋದ ಬೇಸಿಗೆಯ ಮಾತು. ಮತ್ತೆ ಗಡಿಯಲ್ಲಿ ಗುಂಡು ಹಾರಿದವು ಅತ್ತೆ, ಕೆಲವೇ ದಿನ. ನಮ್ಮ ಮೊಮ್ಮಗಳು ಪೂಜಾ, ಹುಣಸಗಿಯ ಮಗಳ ಮಗಳು, ಗಡಿಯ ಹತ್ತಿರದ ಸೈನ್ಯದ ಆಸ್ಪತ್ರೆಯಲ್ಲಿ ನರ್ಸು. ನೀವು ಕಂಡಾಗ ಅವಳು ತೊಟ್ಟಿಲಲ್ಲಿದ್ದಳು, ನಿಮ್ಮ ಎಲೆ ಅಡಿಕೆಯ ಚೀಲ ಹಿಡಿದು ಎಳೆಯುತ್ತಿದ್ದಳು. ಅವಳ ಫೋನು ಹತ್ತದಾಯಿತು. ಟಿವಿಯಲ್ಲಿ ಎಲ್ಲರೂ ಒಟ್ಟಿಗೇ ಕಿರುಚುತ್ತಿದ್ದರು. ಕೈಯಲ್ಲಿರುವ ಫೋನಿಗೆ ಯಾರ್ಯಾರೋ ಏನೇನೋ ಕಳಿಸುತ್ತಿದ್ದರು, ಆಸ್ಪತ್ರೆಗೆ ಬೆಂಕಿ ಬಿತ್ತು ಎಂದೂ ಒಂದು ಬಂತು. ಮಗಳು ಹುಣಸಗಿಯಿಂದ ಫೋನ್ ಮಾಡಿ ಅಳುತ್ತಾಳೆ. ನನಗೆ ಬೇಕಾದದ್ದು ಒಂದೇ: ನೆಗಡಿಯಾದರೂ ಸರಿ, ನಿಧಾನವಾಗಿ ಓದುವ ಒಂದು ದನಿ. ಅಟ್ಟದಿಂದ ನಿಮ್ಮ ರೇಡಿಯೋ ಇಳಿಸಿ, ಚೀಲದಲ್ಲಿಟ್ಟುಕೊಂಡು, ಶಹಾಪುರದ ಬಸ್ಸು ಹತ್ತಿದೆ. ನಿಮ್ಮ ಮಗನಿಗೆ ಈಗ ಕಿವಿ ಮಂದ, ಬಾಗಿಲಲ್ಲಿ ನಿಂತು "ಸಂತಿ ಇವತ್ತಲ್ಲ" ಎಂದು ಕೂಗಿದರು.

ರಿಪೇರಿ ಅಂಗಡಿಯವನು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಅಮ್ಮ, ಇದು ಮ್ಯೂಸಿಯಮ್ಮಿಗಿ ಕೊಡೂದ್ರಿ. ಮುಖಕ ಇದೇನು ಕಲಿ?" ಸುಣ್ಣ ಉದುರಿ ಹೋಗಿದೆ, ಅರಿಶಿನ ಮಾಸಿದೆ, ಕುಂಕುಮದ ಕಲೆ ಮಾತ್ರ ಉಳಿದಿದೆ. ಅದು ಕಲೆಯಲ್ಲ, ನನ್ನ ಅತ್ತೆ ಇಟ್ಟ ಚುಕ್ಕಿ, ದೋರನಹಳ್ಳಿಯ ನಮ್ಮ ಮನೆಯಲ್ಲಿ… ಎಂದು ಹೇಳುತ್ತಿದ್ದೆ. ಬೆಂಚಿನ ಮೇಲೆ ಮಿಕ್ಸರ್ ರಿಪೇರಿಗೆ ತಂದು ಕೂತಿದ್ದ ಮುದುಕಿಯೊಬ್ಬಳು ತಟ್ಟನೆ ಎದ್ದು ನನ್ನ ಮೊಣಕೈ ಹಿಡಿದಳು.

"ನೀನು ಭೀಮವ್ವನ ಸೊಸಿ ಏನು? ಹಾಡು ಕೇಳೋ ಸೊಸಿ?"

ಅತ್ತೆ, ಅವಳು ಎದ್ದ ಬೆಂಚಿನ ಮೇಲೇ ನಾನು ಕೂತುಬಿಟ್ಟೆ.

ಅವಳ ಹೆಸರು ಕಾಸಿಂಬಿ. ಶಿರವಾಳದವಳು. ಹೆಸರು ಹೇಳಿದರೆ ನಿಮಗೆ ನೆನಪಾಗುತ್ತದೆ, ನನಗೆ ಪರಿಚಯವಾಗುವ ಐವತ್ತು ವರ್ಷ ಮೊದಲೇ ನಿಮಗೆ ಗೊತ್ತಿದ್ದವಳು. ಪಕ್ಕದ ಹೋಟೆಲ್ಲಿನಲ್ಲಿ ಚಹ ತರಿಸಿ, ತಣ್ಣಗಾಗಲು ಬಿಟ್ಟು, ಇಬ್ಬರೂ ಕೂತೆವು. ಅವಳು ಹೇಳಿದಳು.

"ಆ ಸಂದೇಶ ನನ್ನ ಗಂಡಂದು ತಂಗಿ. ಮೌಲಾಲಿ ಅಂತ. ನಮ್ಮ ಮನ್ಯಾಗ ರೇಡಿಯೋ ಇರಲಿಲ್ಲ, ನಮಗೇನು ಗೊತ್ತು? ನಿಮ್ಮತ್ತಿ ಶಹಾಪುರದಾಗ ಹಲಗಿ ಮ್ಯಾಲಿಂದು ಮಾಸ್ತರ ಕಡಿಂದ ಓದಿಸ್ಯಾಳ. ಅಕಿ ಮಗಂದಲ್ಲ ಅಂತ ತಿಳೀತು. ತಿರುಗಿ ಮನಿಗಿ ಹೋಗಬೇಕಲ್ಲ? ಹೋಗಲಿಲ್ಲ. ಈ ಸುದ್ದಿ ಶಿರವಾಳದಾಗ ಯಾರಿಗೂ ಮುಟ್ಟಿರಲಿಕ್ಕಿಲ್ಲ ಅಂತ ಬಿಸಲಾಗ ನಡಕೋತ ನಮ್ಮ ಮನಿಗಿ ಬಂದ್ಲು. ಮರೀಬಾರದಂತ ದಾರಿ ತುಂಬ ಅದನ್ನ ಬಾಯಾಗ ಅನಕೋತ ಬಂದಾಳ. ಬಾಗಲದಾಗ ನಿಂತು ಒಂದು ಉಸುರಿನ್ಯಾಗ ಹೇಳಿದ್ಲು: 'ಆರಾಮ ಇದ್ದೀನಿ, ಅಮ್ಮನ ಕೆಮ್ಮು ಹ್ಯಾಂಗದ, ಕಾಸಿಂಬಿಗಿ ಅಳಬ್ಯಾಡ ಅನ್ರಿ, ಹಾಡು ಹೇಳ್ಕೋತ ಇರು ಅನ್ರಿ.' ಹೇಳಿ ಮುಗಿಸಿ, ಅಲ್ಲೇ ಹೊಸ್ತಿಲ ಮ್ಯಾಲ ಕೂತು ಅತ್ಲು. ಕಸಂ ಖುದಾಕಿ, ಅಂಥಾ ಅಳು ನಾ ನೋಡಿಲ್ಲ."

ನೀವು ಅತ್ತದ್ದನ್ನು ನಾನು ನೋಡಿಯೇ ಇಲ್ಲ. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದೆ.

ಆ ದಿನ ಕಾಸಿಂಬಿಯ ಮನೆಯವರು ನಿಮ್ಮನ್ನು ಹೋಗಲು ಬಿಡಲಿಲ್ಲವಂತೆ. ಬೆಳಿಗ್ಗೆ ಹೊರಡುವಾಗ ನೀವು ಕಾಸಿಂಬಿಯನ್ನು ಬದಿಗೆ ಕರೆದಿರಂತೆ.

"'ಕಾಸಿಂಬಿ, ನಿನ್ನ ಗಂಡ ಹೇಳಿದ್ದರಾಗ ಅರ್ಧ ನನಗ ಕೊಡ್ತಿಯೇನು?' ಅಂದ್ಲು. ನನಗ ತಿಳೀಲಿಲ್ಲ. 'ಆರಾಮ ಇದ್ದೀನಿ ಅಂದಿದ್ದು ನಿಂದು, ಅದು ನಿನ್ನ ಹತ್ರ ಇರಲಿ. ಅದನ್ನ ನಾ ಒಯ್ಯಂಗಿಲ್ಲ, ನನ್ನ ಮಗ ಹ್ಯಾಂಗಿದ್ದಾನೋ ನನಗ ಗೊತ್ತಿಲ್ಲ. ಆ ಹಾಡಿನ ಮಾತು ಕೊಡು. ನನ್ನ ಸೊಸಿ ಮಧ್ಯಾಹ್ನ ಕದ್ದು ಹಾಡು ಕೇಳ್ಯಾಳ. ನಾ ಮುಳ್ಳು ಕುಂಕುಮದ ಮ್ಯಾಲ ಬಿಟ್ಟು ಹೋಗಿದ್ದೆ, ಬಂದು ನೋಡಿದ್ರ ಸುಣ್ಣದ ಮ್ಯಾಲದ. ಈಗ ತನ್ನಿಂದ ಗಂಡನ ಮಾತು ತಪ್ಪಿತು ಅಂತ ಒಳಗೊಳಗ ಸಾಯಾಕತ್ತಾಳ. ಹಾಡು ಕೇಳಿದ್ದು ಪಾಪ ಅಂತ ಆ ಹುಡುಗಿ ತಲ್ಯಾಗ ಕುಂತ್ರ ಜೀವನಪೂರ್ತಿ ಹಾಡಂಗಿಲ್ಲ.' ಹಿಂಗಂದ್ಲು ತಂಗಿ. ನಾ ಕೊಟ್ಟೆ. ನನ್ನ ಗಂಡಗ ಏನೂ ಕಡಿಮಿ ಆಗಲಿಲ್ಲ, ಅವನೂ ವಾಪಸ್ ಬಂದ."

ಮುಳ್ಳು! ಸೆಲ್ಲುಗಳನ್ನು ಅಷ್ಟು ಚಂದ ಜೋಡಿಸಿದೆ, ಮುಳ್ಳನ್ನು ಮರೆತೆ. ಆವತ್ತು ನೀವು ರೇಡಿಯೋದ ಮುಖ ನೋಡುತ್ತ ನಿಂತದ್ದು, ರೈತರನ್ನೂ ಮಹಬೂಬ್‌ಸಾಬರನ್ನೂ ಬಿಟ್ಟು ಸೀದಾ ಬೆಂಗಳೂರು ಎಂದದ್ದು… ಅಷ್ಟು ಹೊತ್ತಿಗೇ ನಿಮಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಇಪ್ಪತ್ತು ಜನರ ಎದುರು ಸೆಲ್ಲನ್ನು ಬೈಯಲು ಬಿಟ್ಟಿರಿ. ನಾನು ಅರ್ಧ ಶತಮಾನ ಬಚ್ಚಿಟ್ಟುಕೊಂಡದ್ದು ನಿಮಗೆ ಅರ್ಧ ಗಳಿಗೆಯಲ್ಲಿ ತಿಳಿದಿತ್ತು!

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಸುಡುವುದು ಆ ಎರಡು ತಿಂಗಳು. ನಾನು ಹತ್ತಿ ಹೊಲದಲ್ಲಿ ಗಂಟಲು ಬಿಟ್ಟು ಹಾಡುತ್ತಿದ್ದಾಗ, ಮಗ ಇದ್ದಾನೋ ಇಲ್ಲವೋ ತಿಳಿಯದೆ ನೀವು ಮುಂದಿನ ಸಾಲಿನಲ್ಲಿ ಬಗ್ಗಿ ನಡೆಯುತ್ತಿದ್ದಿರಿ. ಧೈರ್ಯವನ್ನೆಲ್ಲ ನನಗೆ ಕೊಟ್ಟು, ಹೆದರಿಕೆಯನ್ನು ಒಬ್ಬರೇ ಹೊತ್ತಿರಿ. ನಿಮ್ಮನ್ನು ಗಂಟುಮೋರೆಯ ಅತ್ತೆ ಎಂದು ತವರಿನಲ್ಲಿ ಹೇಳಿ ನಗಿಸಿದ್ದೇನೆ ನಾನು. ತಪ್ಪಾಯಿತು. ಇದನ್ನು ಹೇಳದೆ ಈ ಕಾಗದ ಮುಗಿಯುವುದಿಲ್ಲ. ತಪ್ಪಾಯಿತು ಅತ್ತೆ.

ಕಾಸಿಂಬಿ ಏಳುವಾಗ ನನ್ನ ಮುಖ ನೋಡಿ ಕೇಳಿದಳು, ಈಗ ಯಾರ ಸಲುವಾಗಿ ರೇಡಿಯೋ ರಿಪೇರಿ ಎಂದು. ಪೂಜಾಳ ವಿಷಯ ಹೇಳಿದೆ. "ಹಾಂಗಾದ್ರ ಆ ಅರ್ಧ ಈಗ ನಿನ್ನ ಮಗಳಿಗಿ ಕೊಡು" ಎಂದಳು. ಆವತ್ತೇ ಹುಣಸಗಿಗೆ ಹೋದೆ. ಪೂಜಾ ಆರಾಮ ಇದ್ದಾಳೆ ಎಂದು ನಾನೂ ಹೇಳಲಿಲ್ಲ, ನನಗೆ ಗೊತ್ತಿರಲಿಲ್ಲವಲ್ಲ. ಮಗಳ ಕೈಯಿಂದ ಫೋನು ಕಸಿದುಕೊಂಡು ಗೂಡಿನಲ್ಲಿಟ್ಟೆ, ರಿಪೇರಿಯಾದ ರೇಡಿಯೋ ಹಚ್ಚಿದೆ. ಒಂದೇ ಸ್ಟೇಷನ್ನು ಸಿಗುತ್ತದೆ ಈಗ. ಸುದ್ದಿಯಲ್ಲಿ ಬೆಂಕಿಯ ಮಾತೇ ಇರಲಿಲ್ಲ. ಆಮೇಲೆ ಮಳೆಯ ಅಂದಾಜು, ತೊಗರಿ ಬಿತ್ತನೆಯ ಮಾತು, ಆಮೇಲೆ ಹಳೆಯ ಹಾಡುಗಳು. ಮಗಳಿಗೆ ನಿಮ್ಮ ಕತೆಯನ್ನೆಲ್ಲ ಹೇಳಿದೆ. ಅವಳು ಅತ್ತಳು, ಆಮೇಲೆ ಮುಳ್ಳಿನ ಮಾತು ಬಂದಾಗ ನಕ್ಕಳು. "ಅವ್ವ, ನೀ ಕಳ್ಳತನಾನೂ ಸರಿಯಾಗಿ ಮಾಡ್ಲಿಲ್ಲಲ್ಲ!"

ಮೂರನೇ ದಿನ ಬೆಳಿಗ್ಗೆ, ರೊಟ್ಟಿ ಹೆಂಚಿನ ಮೇಲಿರುವಾಗ, ಗೂಡಿನಲ್ಲಿ ಫೋನು ಕೂಗಿತು. "ಅಜ್ಜಿ, ನಾ ಆರಾಮ ಅದೀನಿ. ಫೋನ್ ಬಂದ್ ಮಾಡಂತ ಆರ್ಡರ್ ಇತ್ತು. ಯಾಕ ಎಲ್ಲಾರೂ ಅಳಾಕತ್ತೀರಿ?" ಆ ರೊಟ್ಟಿ ಸುಟ್ಟು ಕರಕಾಯಿತು. ಅದನ್ನು ಮೂವರಲ್ಲಿ ಹರಿದು ಹಂಚಿಕೊಂಡು ತಿಂದೆವು, ನಿಮ್ಮ ಮಗನೂ ಬಂದಿದ್ದರು.

ಈಗ ಪ್ರತಿ ತಿಂಗಳೂ ಶಿರವಾಳಕ್ಕೆ ಹೋಗುತ್ತೇನೆ. ಕಾಸಿಂಬಿ ಹಾಡುತ್ತಾಳೆ, ದನಿ ನನಗಿಂತ ಚೆನ್ನಾಗಿದೆ, ಹೊಟ್ಟೆಕಿಚ್ಚಾಗುತ್ತದೆ. ಪೂಜಾ ಮುಂದಿನ ತಿಂಗಳು ರಜೆಗೆ ಬರುತ್ತಾಳೆ, ಅವಳನ್ನೂ ಕರೆದೊಯ್ಯುತ್ತೇನೆ. ಇನ್ನೊಂದು ಸುದ್ದಿ: ನಾವು ಈಗ ಗುಲ್ಬರ್ಗಾ ಜಿಲ್ಲೆಯಲ್ಲಿಲ್ಲ. ನೀವು ಹೋದ ಮೇಲೆ ಯಾದಗಿರಿಯೇ ಜಿಲ್ಲೆಯಾಯಿತು. ವಿಳಾಸ ಬದಲಾಗಿದೆ, ಅದಕ್ಕೇ ಹೇಳಿದೆ.

ಆವತ್ತು ಆ ಸಂದೇಶ ಕಾಸಿಂಬಿಯದಾಗಿತ್ತು. ನಿಮ್ಮ ಹೆಸರಿಗೆ ಒಂದೂ ಬರಲಿಲ್ಲ. ಪ್ರತಿ ಹೆಸರಿಗೂ ಸೆರಗು ಸುತ್ತಿಕೊಂಡು ಕಾದಿರಿ, ಬರಲೇ ಇಲ್ಲ. ಇವತ್ತು ರೇಡಿಯೋಕ್ಕೆ ಹೊಸ ಸೆಲ್ಲು ಹಾಕಿದ್ದೇನೆ, ಸುಣ್ಣ ಅರಿಶಿನ ಮತ್ತೆ ಹಚ್ಚಿದ್ದೇನೆ. ಕಿವಿ ಕೊಡಿ.

ಮುಂದಿನ ಸಂದೇಶ. ಯಾದಗಿರಿ ಜಿಲ್ಲೆ, ಶಹಾಪುರ ತಾಲೂಕು, ದೋರನಹಳ್ಳಿಯ ಭೀಮವ್ವನವರಿಗೆ. ನಿಮ್ಮ ಮಗ ಆರಾಮ ಇದ್ದಾರೆ. ನಿಮ್ಮ ಮರಿಮೊಮ್ಮಗಳು ಆರಾಮ ಇದ್ದಾಳೆ. ನಿಮ್ಮ ಸೊಸೆ ಈರಿ ಹಾಡು ಕೇಳುತ್ತಿದ್ದಾಳೆ, ಹಾಡುತ್ತಲೂ ಇದ್ದಾಳೆ. ಕೇಳಿ ಮುಗಿದ ಮೇಲೆ ಮುಳ್ಳನ್ನು ಕುಂಕುಮದ ಮೇಲೆ ತಂದು ಇಡುತ್ತಾಳೆ, ಮರೆಯುವುದಿಲ್ಲ.